ಡ್ರಾಫ್ಟ್ ಆದ ಹೊಸಬರನ್ನು ಅಳೆಯುವುದು ಹೇಗೆ? ಡೆಟ್ರಾಯಿಟ್ ಲಯನ್ಸ್‌ನ 2023ರ ಪಟ್ಟಿ ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಏಪ್ರಿಲ್ ಕೊನೆಯಲ್ಲಿ ಮುಗಿಯುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ 32 ತಂಡಗಳಿಗೂ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಹಂಚಿ ಆಗಿರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಕೆಲಸ ಇದು. 2012ರಲ್ಲಿ ಸಿಯಾಟಲ್ ಸೀಹಾಕ್ಸ್ 15ನೇ ಪಿಕ್‌ನಲ್ಲಿ (ಆಯ್ಕೆಯ ಸರದಿಯಲ್ಲಿ) ಬ್ರೂಸ್ ಇರ್ವಿನ್, 47ರಲ್ಲಿ ಬಾಬಿ ವ್ಯಾಗ್ನರ್, 75ರಲ್ಲಿ ರಸೆಲ್ ವಿಲ್ಸನ್ ಅವರನ್ನು ತೆಗೆದುಕೊಂಡಾಗ ಕೆಲವರು ನೇರವಾಗಿ ‘ಎಫ್’ ಎಂದು ಬರೆದರು. 2014ರ ಫೆಬ್ರುವರಿಯಲ್ಲಿ ಅದೇ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು 43-8ರಿಂದ ಗೆದ್ದಿತು.

2023ರಲ್ಲಿ ಡೆಟ್ರಾಯಿಟ್ ಲಯನ್ಸ್‌ಗೂ ಹೀಗೇ ಆಯಿತು. ಮೊದಲ ಸುತ್ತಿನಲ್ಲೇ ಒಬ್ಬ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಒಬ್ಬ ಲೈನ್‌ಬ್ಯಾಕರ್ (ರಕ್ಷಣೆಯ ನಡುಸಾಲಿನವನು) ಆರಿಸಿದ್ದಕ್ಕೆ ಬೈಗುಳ ಬಿತ್ತು. ಆ ಇಬ್ಬರ ಜೊತೆಗೆ ಎರಡನೇ ಸುತ್ತಿನ ಮತ್ತಿಬ್ಬರೂ ಸೇರಿ ತಂಡದ ಬೆನ್ನೆಲುಬಾದರು. ಮರುದಿನದ ದರ್ಜೆ ಅಳೆಯುವುದು ಆಟಗಾರನನ್ನಲ್ಲ, ದರ್ಜೆ ಕೊಡುವವರಿಗೆ ಎಷ್ಟು ಅಚ್ಚರಿಯಾಯಿತು ಎಂಬುದನ್ನು.

ಹಾಗೆಂದು ಅಭಿಮಾನಿ ಮೂರು ವರ್ಷ ಬಾಯಿ ಮುಚ್ಚಿಕೊಂಡು ಕೂರಬೇಕಿಲ್ಲ. ಎರಡು ಅಂಕಗಳನ್ನು ಬೇರೆಬೇರೆಯಾಗಿ ಇಟ್ಟರೆ ಸಾಕು. ಮೊದಲನೆಯದು ನಿರ್ಧಾರದ ಅಂಕ: ಆ ದಿನ ಗೊತ್ತಿದ್ದ ಸಂಗತಿಗಳ ಮೇಲೆ, ಆ ಬೆಲೆಗೆ, ಆ ಆಯ್ಕೆ ಸರಿಯೇ? ಎರಡನೆಯದು ಫಲದ ಅಂಕ: ಆತ ಕೊನೆಗೆ ಏನಾದ? ಮೊದಲನೆಯದನ್ನು ಡ್ರಾಫ್ಟ್ ಆದ ವಾರದಲ್ಲೇ ಕೊಡಬಹುದು, ಕೊಡಬೇಕು. ಎರಡನೆಯದಕ್ಕೆ ಮೂರು ಋತು ಬೇಕು. ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟಾಗಲೇ ಜಗಳ ಹುಟ್ಟುವುದು.

ಮೊದಲ ಹೆಜ್ಜೆ: ಡ್ರಾಫ್ಟಿಗೆ ಮುಂಚೆ ತಂಡದ ಹಾಳೆ

ಮಾರ್ಚ್ ಮಧ್ಯದಲ್ಲಿ, ಒಪ್ಪಂದ ಮುಗಿದವರು ಹೊಸ ತಂಡ ಸೇರುವ ಫ್ರೀ ಏಜೆನ್ಸಿಯ ಮೊದಲ ಅಲೆ ಇಳಿದ ಮೇಲೆ ಒಂದು ಹಾಳೆ ಮಾಡಿಕೊಳ್ಳಿ. ಎಡಗಡೆ ಸ್ಥಾನಗಳು, ಪಕ್ಕದಲ್ಲಿ ಮೊದಲ ಆಯ್ಕೆಯ ಆಟಗಾರ, ಬದಲಿ, ಆತನ ವಯಸ್ಸು, ಒಪ್ಪಂದ ಮುಗಿಯುವ ವರ್ಷ. ಕಡೆಯ ಕಲಮು ಎಲ್ಲಕ್ಕಿಂತ ಮುಖ್ಯ, ಅಭಿಮಾನಿಗಳು ಹೆಚ್ಚಾಗಿ ಬಿಡುವುದೂ ಅದನ್ನೇ. ತಂಡ ಡ್ರಾಫ್ಟ್ ಮಾಡುವುದು ಈ ಸೆಪ್ಟೆಂಬರಿಗೆ ಮಾತ್ರವಲ್ಲ, ಬರುವ ವರ್ಷಕ್ಕೂ ಸೇರಿ.

ಲಯನ್ಸ್‌ನ 2023ರ ಹಾಳೆ ನೋಡಿ. 2022ರಲ್ಲಿ ತಂಡ 9 ಗೆದ್ದು 8 ಸೋತಿತ್ತು. ಬಿಟ್ಟುಕೊಟ್ಟ ಗಜಗಳ ಲೆಕ್ಕದಲ್ಲಿ ಅದರ ರಕ್ಷಣೆ ಲೀಗಿಗೇ ಕಡೆಯದು. ಟೈಟ್ ಎಂಡ್ (ಬ್ಲಾಕ್ ಮಾಡುವ, ಪಾಸ್ ಹಿಡಿಯುವ ಎರಡೂ ಕೆಲಸದವರು) ಟಿ.ಜೆ. ಹಾಕನ್‌ಸನ್ ಅವರನ್ನು 2022ರ ನವೆಂಬರಿನಲ್ಲೇ ಮಿನೆಸೋಟಾಕ್ಕೆ ಕೊಟ್ಟಾಗಿತ್ತು. ಹಿಂದಿನ ಋತುವಿನಲ್ಲಿ ಓಡಿಯೇ 17 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಮಾಡಿದ್ದ ಜಮಾಲ್ ವಿಲಿಯಮ್ಸ್ ತಂಡ ಬಿಟ್ಟಿದ್ದರು, ಅವರ ಜಾಗಕ್ಕೆ ಡೇವಿಡ್ ಮಾಂಟ್‌ಗೊಮರಿ ಬಂದಿದ್ದರು. ಹಿಂಬದಿಯ ರಕ್ಷಣೆಗೆ ಸಿ.ಜೆ. ಗಾರ್ಡ್ನರ್-ಜಾನ್ಸನ್ ಬಂದಿದ್ದರು, ಆದರೆ ಒಂದೇ ವರ್ಷದ ಒಪ್ಪಂದಕ್ಕೆ. ಒಪ್ಪಂದದ ಕಲಮು ಇಲ್ಲದವರಿಗೆ 45ನೇ ಪಿಕ್‌ನಲ್ಲಿ ಇನ್ನೊಬ್ಬ ಸೇಫ್ಟಿ (ಹಿಂಬದಿಯ ರಕ್ಷಕ) ದುಂದು ಎನಿಸುತ್ತದೆ. ಇದ್ದವರಿಗೆ ಅದು ಮುಂದಿನ ವರ್ಷದ ಕೆಲಸವನ್ನು ಈಗಲೇ ಮಾಡಿದಂತೆ. ಎರಡನೇ ಪಂದ್ಯದಲ್ಲೇ ಗಾರ್ಡ್ನರ್-ಜಾನ್ಸನ್ ಎದೆಯ ಸ್ನಾಯು ಹರಿದುಕೊಂಡು ಹೊರಗಾದಾಗ ಆ ಕೆಲಸ ಒಂದು ವರ್ಷ ಮುಂಚೆಯೇ ಒದಗಿತು.

ಹಾಳೆಯಲ್ಲಿ ಪ್ರತಿ ಸ್ಥಾನಕ್ಕೂ ಮೂರರಲ್ಲಿ ಒಂದು ಗುರುತು ಹಾಕಿ: ‘ಈ ವರ್ಷವೇ ಬೇಕು’, ‘ಮುಂದಿನ ವರ್ಷ ಬೇಕಾಗುತ್ತದೆ’, ‘ಸದ್ಯಕ್ಕೆ ಬೇಡ’. ಡ್ರಾಫ್ಟ್ ಶುರುವಾದ ಮೇಲೆ ಈ ಗುರುತುಗಳನ್ನು ಮುಟ್ಟಬೇಡಿ. ಆಯ್ಕೆಯಾದ ಹುಡುಗನ ಮೇಲಿನ ಪ್ರೀತಿಗೆ ಹಾಳೆಯನ್ನು ತಿದ್ದಿದರೆ ಅಳತೆಗೋಲೇ ಬಾಗಿತು.

ಎರಡನೇ ಹೆಜ್ಜೆ: ಪಿಕ್‌ನ ಬೆಲೆ ಕಟ್ಟುವುದು

ಡ್ರಾಫ್ಟಿನಲ್ಲಿ ಏಳು ಸುತ್ತು, ಒಟ್ಟು 260ರ ಆಸುಪಾಸು ಆಯ್ಕೆ. 12ನೇ ಪಿಕ್‌ಗೂ 219ನೇ ಪಿಕ್‌ಗೂ ಒಂದೇ ತಕ್ಕಡಿ ಹಿಡಿಯಲಾಗದು. ತೂಕಕ್ಕೆ ಹಳೆಯದಾದರೂ ಕೈಗೆ ಸಿಗುವ ಸಾಧನವೆಂದರೆ 1990ರ ದಶಕದ ಆರಂಭದಲ್ಲಿ ತರಬೇತುದಾರ ಜಿಮ್ಮಿ ಜಾನ್ಸನ್ ಅವರ ಡಲ್ಲಾಸ್ ಕೌಬಾಯ್ಸ್ ಬಳಗ ಮಾಡಿಕೊಂಡ ಬೆಲೆಪಟ್ಟಿ. ಮೊದಲ ಪಿಕ್‌ಗೆ 3000 ಅಂಶ, 6ನೆಯದಕ್ಕೆ 1600, 12ಕ್ಕೆ 1200, 18ಕ್ಕೆ 900, 32ಕ್ಕೆ 590. ಇಳಿಜಾರು ಎಷ್ಟು ಕಡಿದಾಗಿದೆ ನೋಡಿ. ಈಚೆಗೆ ಬಂದ ಪಟ್ಟಿಗಳು ಮೊದಲ ಕೆಲವು ಪಿಕ್‌ಗಳಿಗೆ ಇಷ್ಟು ಬೆಲೆ ಕೊಡುವುದಿಲ್ಲ. ಅಭಿಮಾನಿಯ ಲೆಕ್ಕಕ್ಕೆ ಯಾವುದಾದರೂ ಆದೀತು, ಮಧ್ಯದಲ್ಲಿ ಬದಲಾಯಿಸದಿದ್ದರೆ ಸರಿ.

ಮೊದಲು ವಿನಿಮಯಗಳನ್ನು ಬಿಡಿಸಿ. 2023ರಲ್ಲಿ ಲಯನ್ಸ್ 6 ಮತ್ತು 81ನೇ ಪಿಕ್‌ಗಳನ್ನು ಅರಿಝೋನಾಕ್ಕೆ ಕೊಟ್ಟು 12, 34 ಮತ್ತು 168ನ್ನು ಪಡೆಯಿತು. ಕೊಟ್ಟದ್ದು 1600ಕ್ಕೆ 185 ಸೇರಿ 1785. ಪಡೆದದ್ದು 1200, 560, ಸುಮಾರು 24, ಒಟ್ಟು 1784. ತಕ್ಕಡಿ ಸರಿಸಮ. ‘12ರಲ್ಲಿ ರನ್ನಿಂಗ್ ಬ್ಯಾಕಾ?’ ಎಂದು ಕೇಳುವ ಮೊದಲು ಇದನ್ನು ನೋಡಬೇಕು, ಏಕೆಂದರೆ ನಿಜವಾದ ಪ್ರಶ್ನೆ ‘6ನೇ ಪಿಕ್‌ನ ಒಬ್ಬ ಆಟಗಾರ ಮೇಲೋ, 12ರಲ್ಲಿ ಬಂದ ರನ್ನಿಂಗ್ ಬ್ಯಾಕ್ ಜಹ್ಮಿರ್ ಗಿಬ್ಸ್ ಮತ್ತು ಟೈಟ್ ಎಂಡ್ ಸ್ಯಾಮ್ ಲಪೋರ್ಟಾ ಇಬ್ಬರೂ ಸೇರಿದ್ದು ಮೇಲೋ?’ ಎಂಬುದು. 34ರಲ್ಲಿ ಬಂದವರು ಲಪೋರ್ಟಾ.

ಆಮೇಲೆ ‘ಅವಸರದ ಆಯ್ಕೆ’ ಎಂಬ ದೂರು. ಹಲವು ವಿಶ್ಲೇಷಕರ ಪಟ್ಟಿಗಳನ್ನು ಕೂಡಿಸಿ ಮಾಡಿದ ಒಮ್ಮತದ ಪಟ್ಟಿಗಳು ಏಪ್ರಿಲಿನಲ್ಲಿ ಸಿಗುತ್ತವೆ, ಡ್ರಾಫ್ಟಿನ ಹಿಂದಿನ ದಿನದ್ದನ್ನು ಉಳಿಸಿಟ್ಟುಕೊಳ್ಳಿ. ಅದಕ್ಕೂ ನಿಜವಾದ ಪಿಕ್‌ಗೂ ಇರುವ ಅಂತರವನ್ನು ಸ್ಥಾನಗಳಲ್ಲಿ ಎಣಿಸಬೇಡಿ, ಅಂಶಗಳಲ್ಲಿ ಎಣಿಸಿ. ಪಟ್ಟಿಯಲ್ಲಿ 26ರಲ್ಲಿದ್ದವನನ್ನು 12ರಲ್ಲಿ ಕರೆದರೆ ಅಂತರ 14 ಸ್ಥಾನ, ಬೆಲೆಯಲ್ಲಿ 500 ಅಂಶ. ಪಟ್ಟಿಯಲ್ಲಿ 219ರಲ್ಲಿದ್ದವನನ್ನು 150ರಲ್ಲಿ ಕರೆದರೆ 69 ಸ್ಥಾನ, ಬೆಲೆಯಲ್ಲಿ ಮೂವತ್ತು ಅಂಶವೂ ಇಲ್ಲ. ಐದನೇ ಸುತ್ತಿನ ‘ಅವಸರ’ಕ್ಕೆ ಗಂಟಲು ಹರಿಯುವಂತೆ ಕೂಗುವುದು ವ್ಯರ್ಥ.

ಗಿಬ್ಸ್ ವಿಷಯದಲ್ಲಿ ಟೀಕಾಕಾರರ ಇನ್ನೊಂದು ವಾದಕ್ಕೆ ತೂಕವಿತ್ತು. 2011ರ ಕಾರ್ಮಿಕ ಒಪ್ಪಂದದ ಬಳಿಕ ಹೊಸಬರ ಸಂಬಳವನ್ನು ಪಿಕ್‌ನ ಸಂಖ್ಯೆ ನಿರ್ಧರಿಸುತ್ತದೆ, ಆಡುವ ಸ್ಥಾನವಲ್ಲ. ಅದೇ 12ರ ಸಂಬಳಕ್ಕೆ ಒಳ್ಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಕ್ರಮಣ ನಡೆಸುವವನು) ಅಥವಾ ಟ್ಯಾಕಲ್ (ಆತನನ್ನು ಕಾಯುವ ಸಾಲಿನ ಅಂಚಿನವನು) ಸಿಕ್ಕರೆ ಮಾರುಕಟ್ಟೆಗಿಂತ ತೀರ ಅಗ್ಗ, ರನ್ನಿಂಗ್ ಬ್ಯಾಕ್ ಸಿಕ್ಕರೆ ಉಳಿತಾಯ ಕಡಿಮೆ. ಗಿಬ್ಸ್ ಮುಂದೆ ಎಷ್ಟು ಮಿಂಚಿದರೂ ಆ ವಾದ ಸುಳ್ಳಾಗುವುದಿಲ್ಲ. ನಿರ್ಧಾರದ ಅಂಕದಲ್ಲಿ ಅದಕ್ಕೆ ಕಳೆಯಬೇಕಾದ್ದನ್ನು ಕಳೆಯಲೇಬೇಕು.

ಮೂರನೇ ಹೆಜ್ಜೆ: ದೇಹ, ವೇಗ, ವಯಸ್ಸು

ಇಂಡಿಯಾನಾಪೊಲಿಸ್‌ನಲ್ಲಿ ಫೆಬ್ರುವರಿ ಕೊನೆ, ಮಾರ್ಚ್ ಮೊದಲ ದಿನಗಳಲ್ಲಿ ನಡೆಯುವ ಕಂಬೈನ್‌ನ, ಅಂದರೆ ಡ್ರಾಫ್ಟಿಗೆ ಬರುವವರ ದೈಹಿಕ ಪರೀಕ್ಷೆಗಳ, ಅಂಕಿಗಳು ಎಲ್ಲರಿಗೂ ಸಿಗುತ್ತವೆ: 40 ಗಜದ ಓಟ, ಅದರ ಮೊದಲ 10 ಗಜ, ನಿಂತಲ್ಲೇ ಎತ್ತರ ಜಿಗಿತ, ಉದ್ದ ಜಿಗಿತ, ಮೂರು ಕೋನ್‌ಗಳ ಸುತ್ತಾಟ, 20 ಗಜದ ಶಟಲ್, 225 ಪೌಂಡ್ (102 ಕಿಲೊ) ತೂಕದ ಬೆಂಚ್ ಪ್ರೆಸ್. ಎಲ್ಲ ಸ್ಥಾನಕ್ಕೂ ಎಲ್ಲವನ್ನೂ ನೋಡುವುದು ತಪ್ಪು. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರಿಗೆ ಮೊದಲ 10 ಗಜ ಮತ್ತು ಮೂರು ಕೋನ್. ಟ್ಯಾಕಲ್‌ಗಳಿಗೆ ತೋಳಿನ ಉದ್ದ: 33 ಇಂಚಿಗೆ ಕಡಿಮೆಯಾದರೆ ಒಳಗೆ ಗಾರ್ಡ್ ಆಗಿ ಆಡಿಸುವ ಮಾತು ಏಳುತ್ತದೆ. ಕ್ವಾರ್ಟರ್‌ಬ್ಯಾಕಿಗೆ 40 ಗಜದ ಓಟ ಅಷ್ಟೇನೂ ಹೇಳುವುದಿಲ್ಲ. 2000ದಲ್ಲಿ 5.28 ಸೆಕೆಂಡಿನಲ್ಲಿ ಓಡಿ 199ನೆಯವರಾಗಿ ಆಯ್ಕೆಯಾದವರು ಮುಂದೆ ದಂತಕಥೆಯಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ.

ವೇಗವನ್ನು ತೂಕದಿಂದ ಬಿಡಿಸಿ ನೋಡಬಾರದು. ರನ್ನಿಂಗ್ ಬ್ಯಾಕ್‌ಗಳಿಗೆ ಕ್ರೀಡಾ ಬರಹಗಾರ ಬಿಲ್ ಬಾರ್ನ್‌ವೆಲ್ ಕೊಟ್ಟ ಸರಳ ಸೂತ್ರವಿದೆ: ಪೌಂಡ್ ತೂಕವನ್ನು 200ರಿಂದ ಗುಣಿಸಿ, 40 ಗಜದ ಸಮಯದ ನಾಲ್ಕನೇ ಘಾತದಿಂದ ಭಾಗಿಸಿ. ಗಿಬ್ಸ್ 199 ಪೌಂಡ್, 4.36 ಸೆಕೆಂಡ್. 39,800ನ್ನು 361.4ರಿಂದ ಭಾಗಿಸಿದರೆ 110. 220 ಪೌಂಡಿನವನು 4.50ರಲ್ಲಿ ಓಡಿದರೆ 107. 100 ಎಂದರೆ ಸಾಧಾರಣ. ಅಂದರೆ ಗಿಬ್ಸ್ ವೇಗ ತೂಕದ ಕೊರತೆಯನ್ನು ತುಂಬಿಕೊಟ್ಟು ಮೇಲೆ ಸ್ವಲ್ಪ ಉಳಿಸಿದೆ, ಆದರೆ 4.36 ಎಂದು ಕೇಳಿದಾಗ ಆಗುವಷ್ಟು ರೋಮಾಂಚನಕ್ಕೆ ಕಾರಣವಿಲ್ಲ.

ಎಲ್ಲ ಪರೀಕ್ಷೆಗಳನ್ನೂ ಸ್ಥಾನವಾರು ಹೋಲಿಸಿ 0ಯಿಂದ 10ರವರೆಗೆ ಅಂಕ ಕೊಡುವ ಆರ್‌ಎಎಸ್ ಎಂಬ ಅಳತೆಯೂ ಇದೆ. 18ನೇ ಪಿಕ್‌ನ ಜ್ಯಾಕ್ ಕ್ಯಾಂಬೆಲ್, 6 ಅಡಿ 5 ಇಂಚಿನ ಲೈನ್‌ಬ್ಯಾಕರ್, ಅದರಲ್ಲಿ ಹತ್ತರ ಸಮೀಪಕ್ಕೆ ಬಂದರು. 45ನೇ ಪಿಕ್‌ನ ಬ್ರಯಾನ್ ಬ್ರಾಂಚ್ 40 ಗಜ ಓಡಿದ್ದು 4.58ರಲ್ಲಿ. ಹಿಂಬದಿ ಆಡುವವರಿಗೆ ಅದು ನಿಧಾನವೇ. ಒಮ್ಮತದ ಪಟ್ಟಿಗಳಲ್ಲಿ ಅವರು 45ಕ್ಕಿಂತ ಬಹಳ ಮೇಲಿದ್ದರೂ ಕೆಳಗೆ ಜಾರಿದರು. ದೇಹದ ಅಂಕ ಬಾಗಿಲು ತೆರೆಯುತ್ತದೆ, ಮನೆ ನಡೆಸುವುದಿಲ್ಲ. ಕಂಬೈನ್ ಹಾಳೆ ಮತ್ತು ಆಟದ ಚಿತ್ರಣ ಬೇರೆಬೇರೆ ಮಾತಾಡಿದರೆ ನಾಲ್ಕನೇ ಹೆಜ್ಜೆಯ ಮಾತನ್ನೇ ನಂಬಿ.

ವಯಸ್ಸನ್ನು ತಪ್ಪದೆ ಬರೆದುಕೊಳ್ಳಿ. ಆಯ್ಕೆಯಾದ ದಿನ ಗಿಬ್ಸ್‌ಗೆ 21. ಅದೇ ವರ್ಷ 68ರಲ್ಲಿ ಬಂದ ಕ್ವಾರ್ಟರ್‌ಬ್ಯಾಕ್ ಹೆಂಡನ್ ಹೂಕರ್‌ಗೆ 25, ಮೇಲಾಗಿ 2022ರ ನವೆಂಬರಿನಲ್ಲಿ ಮಂಡಿಯ ಎಸಿಎಲ್ ಹರಿದಿತ್ತು. 24ರ ಹುಡುಗ 19ರವರ ಎದುರು ಮೆರೆದದ್ದನ್ನು ಅರ್ಧ ಬೆಲೆಗೆ ಕೊಳ್ಳಬೇಕು. ಗಾಯದ ವಿಚಾರದಲ್ಲಿ ಮಾತ್ರ ಅಭಿಮಾನಿಗೆ ಕೈ ಕಟ್ಟಿದೆ. ಕಂಬೈನ್‌ನಲ್ಲಿ ತಂಡಗಳ ವೈದ್ಯರು ನೋಡುವ ವರದಿ ಹೊರಗೆ ಬರುವುದಿಲ್ಲ. ಎಷ್ಟು ಪಂದ್ಯ ತಪ್ಪಿಸಿಕೊಂಡ, ಒಂದೇ ಅಂಗಕ್ಕೆ ಎರಡು ಸಲ ಪೆಟ್ಟು ಬಿದ್ದಿದೆಯೇ, ಇವೆರಡನ್ನು ಬರೆದು ಮುಂದೆ ಹೋಗಿ.

ನಾಲ್ಕನೇ ಹೆಜ್ಜೆ: ಕಾಲೇಜು ಆಟವನ್ನು ನೋಡುವುದು

ಹೆಚ್ಚು ಹೊತ್ತು ಬೇಡುವುದೂ ಹೆಚ್ಚು ಫಲ ಕೊಡುವುದೂ ಇದೇ. ಮುಖ್ಯಾಂಶಗಳ ತುಣುಕುಗಳನ್ನು ಮೊದಲು ನೋಡಲೇಬೇಡಿ. ಎಲ್ಲರೂ ಎಲ್ಲರನ್ನೂ ದಾಟಿ ಓಡುವ ಮೂರು ನಿಮಿಷ ಕಣ್ಣಿಗೆ ಹಬ್ಬ, ಆದರೆ ಆತ ಸೋತ ಆಟ ಅಲ್ಲಿ ಇರುವುದೇ ಇಲ್ಲ. ಒಬ್ಬ ಆಟಗಾರನಿಗೆ ಮೂರು ಪೂರ್ತಿ ಪಂದ್ಯ ಆರಿಸಿ: ಅತಿ ಬಲಿಷ್ಠ ಎದುರಾಳಿಯ ಮೇಲೆ ಆಡಿದ್ದು ಒಂದು, ಅಂಕಿಗಳು ಕೆಟ್ಟದಾಗಿರುವುದು ಒಂದು, ಋತುವಿನ ಕೊನೆಯ ಸಾಧಾರಣ ಪಂದ್ಯ ಒಂದು. ಒಬ್ಬೊಬ್ಬರಿಗೆ 120ರಿಂದ 150 ಸ್ನ್ಯಾಪ್ (ಚೆಂಡು ಹಿಂದೆ ಕೊಟ್ಟು ಶುರುವಾಗುವ ಒಂದೊಂದು ಆಟ) ಸಿಗುತ್ತದೆ. ಅಭಿಪ್ರಾಯ ಕಟ್ಟಲು ಅಷ್ಟು ಸಾಕು. ಸಣ್ಣ ಕಾಲೇಜಿನವನಾದರೆ ದೊಡ್ಡ ಕಾಲೇಜಿನ ಎದುರು ಆಡಿದ ಒಂದು ಪಂದ್ಯವನ್ನು ಹುಡುಕಲೇಬೇಕು, ಜೊತೆಗೆ ಅಲಬಾಮಾದ ಮೊಬೈಲ್‌ನಲ್ಲಿ ನಡೆಯುವ ಸೀನಿಯರ್ ಬೌಲ್‌ನ ಒಬ್ಬರಿಗೊಬ್ಬರ ಅಭ್ಯಾಸ ಸಿಕ್ಕರೆ ಅದನ್ನೂ ನೋಡಬೇಕು.

ನಾಲ್ಕು ಕಲಮಿನ ಪುಸ್ತಕ ಇಡಿ: ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು) ಮತ್ತು ಉಳಿದ ಗಜ; ಆತನಿಗೆ ವಹಿಸಿದ ಕೆಲಸ; ಮೊದಲ ಎರಡು ಹೆಜ್ಜೆ; ಫಲ. ಪ್ರತಿ ಸ್ನ್ಯಾಪ್‌ಗೆ ಕೂಡು, ಸೊನ್ನೆ, ಕಳೆ, ಇಷ್ಟೇ ಗುರುತು. ಕೆಲಸ ಏನಿತ್ತೆಂದು ತಿಳಿಯದಿದ್ದರೆ ಪ್ರಶ್ನೆಚಿಹ್ನೆ ಹಾಕಿ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇಲ್ಲಿ ಪ್ರಾಮಾಣಿಕತೆ ಬೇಕು. ಇಬ್ಬರು ರಕ್ಷಕರ ನಡುವೆ ಚೆಂಡು ಬಿದ್ದರೆ ತಪ್ಪು ಯಾರದ್ದೆಂದು ಹೊರಗಿನವರು ಹೇಳುವುದು ಬಹಳ ಸಲ ಬರೀ ಊಹೆ.

ಲೈನ್‌ಬ್ಯಾಕರ್ ಒಬ್ಬನನ್ನು ಹೀಗೆ ನೋಡಿ. ಚೆಂಡನ್ನು ಮರೆತು ಆತನ ಪಾದಗಳ ಮೇಲೆ ಕಣ್ಣಿಡಿ. ಸ್ನ್ಯಾಪ್ ಆದ ಕ್ಷಣ ಎದುರಿನ ಗಾರ್ಡ್‌ನ ಹೆಲ್ಮೆಟ್ ತಗ್ಗಿ ಮುಂದೆ ಬಂದರೆ ಅದು ಓಟ, ಎದ್ದು ಹಿಂದೆ ಸರಿದರೆ ಪಾಸ್. ಗಾರ್ಡ್ ಸೊಂಟ ಹೊರಳಿಸಿ ಬದಿಗೆ ಹೊರಟರೆ ಓಟ ಆ ಕಡೆಗೆ. ಒಳ್ಳೆಯ ಲೈನ್‌ಬ್ಯಾಕರ್‌ನ ಮೊದಲ ಹೆಜ್ಜೆ ಗಾರ್ಡ್ ಹೇಳಿದಂತೆ ಬೀಳುತ್ತದೆ, ಕ್ವಾರ್ಟರ್‌ಬ್ಯಾಕ್ ಚೆಂಡು ಕೊಟ್ಟಂತೆ ನಟಿಸಿದ್ದಕ್ಕೆ ಬೀಳುವುದಿಲ್ಲ. ಮೂರು ಪಂದ್ಯಗಳಲ್ಲಿ ಇಂಥ ನಟನೆ ಎಷ್ಟು ಸಲ ನಡೆಯಿತು, ಎಷ್ಟು ಸಲ ಆತ ಎರಡು ಹೆಜ್ಜೆ ಮುಂದೆ ಹೋಗಿ ಹಿಂದೆ ಜಾಗ ಬಿಟ್ಟ ಎಂದು ಎಣಿಸಿ. ಆಮೇಲೆ ಕೈ: ಅಡ್ಡ ಬಂದ ಬ್ಲಾಕರ್‌ನ ಎದೆಗೆ ಕೈಯಿಟ್ಟು ಕಳಚಿಕೊಂಡನೋ, ಸುತ್ತುಬಳಸಿ ಓಡಿದನೋ? ಕಾಲೇಜಿನಲ್ಲಿ ಸುತ್ತುಬಳಸಿ ಓಡಿದರೂ ಹಿಡಿಯಬಹುದು, ಎನ್‌ಎಫ್‌ಎಲ್‌ನಲ್ಲಿ ಅಷ್ಟರಲ್ಲಿ ಓಟಗಾರ ಆರು ಗಜ ಹೋಗಿರುತ್ತಾನೆ. ಟ್ಯಾಕಲ್‌ಗಳ (ಇಲ್ಲಿ, ಓಟಗಾರನನ್ನು ಕೆಡವಿದ್ದರ) ಒಟ್ಟು ಸಂಖ್ಯೆ ಹೇಳುವುದಕ್ಕಿಂತ, ಟ್ಯಾಕಲ್ ಎಷ್ಟನೇ ಗಜದಲ್ಲಿ ಆಯಿತು ಎಂಬುದು ಹೆಚ್ಚು ಹೇಳುತ್ತದೆ.

ರನ್ನಿಂಗ್ ಬ್ಯಾಕ್ ಆದರೆ ಚೆಂಡಿಲ್ಲದ ಸ್ನ್ಯಾಪ್‌ಗಳನ್ನು ಮೊದಲು ನೋಡಿ. ಬ್ಲಿಟ್ಜ್ (ಹೆಚ್ಚು ರಕ್ಷಕರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು) ಬಂದಾಗ ಯಾರನ್ನು ತಡೆಯಬೇಕೆಂದು ಗುರುತಿಸುತ್ತಾನೆಯೇ? ಹೊಸಬ ಓಟಗಾರ ಬೆಂಚಿನಲ್ಲಿ ಕೂರುವ ಸಾಮಾನ್ಯ ಕಾರಣ ಇದೇ. ಟೈಟ್ ಎಂಡ್ ಆದರೆ ಬ್ಲಾಕ್ ಮಾಡಿದ ಮೇಲೆ ಪಾದ ಚಲಿಸುತ್ತಲೇ ಇರುತ್ತದೆಯೇ ಎಂದು ನೋಡಿ. ಉಳಿದ ಸ್ಥಾನಗಳಿಗೂ ಕ್ರಮ ಇದೇ: ಪಾದ, ಕೈ, ಕಣ್ಣು, ಕೊನೆಗೆ ಚೆಂಡು.

ಕಾಲೇಜು ಮತ್ತು ವೃತ್ತಿಪರ ಆಟದ ನಿಯಮಗಳ ಅಂತರವೂ ಕಣ್ಣನ್ನು ಮೋಸಗೊಳಿಸುತ್ತದೆ. ಕಾಲೇಜು ಮೈದಾನದ ಹ್ಯಾಷ್ ಗೆರೆಗಳ (ಆಟ ಶುರು ಮಾಡಲು ಚೆಂಡಿಡುವ ಒಳಗೆರೆಗಳು) ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಇಂಚು. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಷ್‌ನಲ್ಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಜಾಗ. ಆ ಅಗಲದಲ್ಲಿ ಸಿಕ್ಕ ಓಟಗಳು ಮೇಲಿನ ಹಂತದಲ್ಲಿ ಹಾಗೇ ಸಿಗುವುದಿಲ್ಲ. ಕಾಲೇಜಿನಲ್ಲಿ ಕ್ಯಾಚ್‌ಗೆ ಒಂದು ಪಾದ ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ಗೆ ಎರಡು ಬೇಕು. ಗೆರೆಯಂಚಿನ ಕ್ಯಾಚ್‌ಗಳನ್ನು ನಿಲ್ಲಿಸಿ ಎರಡನೇ ಪಾದ ಎಲ್ಲಿತ್ತೆಂದು ನೋಡಿ. ಪಾಸ್ ಆಟದಲ್ಲಿ ಕಾಲೇಜಿನ ಲೈನ್‌ಮನ್‌ಗಳು ಮೂರು ಗಜ ಮುಂದೆ ಹೋಗಬಹುದು, ಮೇಲಿನ ಹಂತದಲ್ಲಿ ಒಂದೇ ಗಜ. ಓಟವೋ ಪಾಸೋ ತಿಳಿಯದೆ ಲೈನ್‌ಬ್ಯಾಕರ್ ಕಾಲೇಜಿನಲ್ಲಿ ತಬ್ಬಿಬ್ಬಾಗಿದ್ದರೆ ಸ್ವಲ್ಪ ಮನ್ನಿಸಿ. ಅದೇ ಆಟದಲ್ಲಿ ಸುಲಭ ಪಾಸ್ ಪಡೆದ ಕ್ವಾರ್ಟರ್‌ಬ್ಯಾಕ್‌ನ ಲೆಕ್ಕವನ್ನು ಸ್ವಲ್ಪ ತಗ್ಗಿಸಿ.

ಅಂಕಿಅಂಶಗಳನ್ನು ಆಟ ನೋಡಿದ ಮೇಲೆ ತೆರೆಯಿರಿ, ಮೊದಲೇ ತೆರೆದರೆ ಕಣ್ಣು ಅದನ್ನೇ ಹುಡುಕುತ್ತದೆ. 2022ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಪರ ಲಪೋರ್ಟಾ ಹಿಡಿದದ್ದು 58 ಕ್ಯಾಚ್, 657 ಗಜ. ಬರೀ ಅಂಕಿ ನೋಡಿದರೆ ಸಾಧಾರಣ. ಆದರೆ ಆ ವರ್ಷ ಅಯೋವಾದ ಆಕ್ರಮಣ ದೇಶದಲ್ಲೇ ಅತಿ ದುರ್ಬಲವಾದವುಗಳಲ್ಲಿ ಒಂದು. ಅಂಥ ತಂಡದಲ್ಲಿ ಎಲ್ಲ ರಕ್ಷಣೆಯೂ ಒಬ್ಬನ ಮೇಲೆ ಕಣ್ಣಿಟ್ಟಿದ್ದಾಗ ಬಂದ ಗಜಗಳಿವು. ಒಟ್ಟು ಎಷ್ಟು ಎನ್ನುವ ಬದಲು ತಂಡದ ಪಾಸ್ ಗಜಗಳಲ್ಲಿ ಆತನ ಪಾಲು ಎಷ್ಟು ಎಂದು ಕೇಳಿ. ಹಾಗೆಯೇ ಸ್ಯಾಕ್‌ಗಿಂತ (ಕ್ವಾರ್ಟರ್‌ಬ್ಯಾಕನ್ನು ಚೆಂಡಿನೊಡನೆ ಕೆಡವುವುದು) ಎಷ್ಟು ಸಲ ಒತ್ತಡ ತಂದ ಎಂಬುದು, ಇಂಟರ್‌ಸೆಪ್ಷನ್‌ಗಿಂತ (ಎದುರಾಳಿಯ ಪಾಸನ್ನು ಕಸಿಯುವುದು) ಆತನ ಕಡೆಗೆ ಎದುರಾಳಿ ಎಷ್ಟು ಸಲ ಎಸೆಯಲು ಧೈರ್ಯ ಮಾಡಿದರು ಎಂಬುದು ಮುಂದಿನ ವರ್ಷಕ್ಕೆ ಹೆಚ್ಚು ನಂಬಿಕೆಯ ಸೂಚನೆ.

ಐದನೇ ಹೆಜ್ಜೆ: ಒಂದು ವಾಕ್ಯ, ಒಂದು ಸಂಖ್ಯೆ

ಈಗ ಪ್ರತಿ ಆಟಗಾರನ ಬಗ್ಗೆ ಒಂದೇ ವಾಕ್ಯ ಬರೆಯಿರಿ. ಅದು ತಪ್ಪಾಗಲು ಸಾಧ್ಯವಿರುವ ವಾಕ್ಯವಾಗಿರಬೇಕು. ‘ಒಳ್ಳೆಯ ಪ್ರತಿಭೆ, ಭವಿಷ್ಯವಿದೆ’ ಎಂಬುದು ಯಾವತ್ತೂ ತಪ್ಪಾಗದು, ಆದ್ದರಿಂದ ಪ್ರಯೋಜನವಿಲ್ಲ. ‘ಮೊದಲ ಋತುವಿನಲ್ಲಿ ರಕ್ಷಣೆಯ ಸ್ನ್ಯಾಪ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಡುತ್ತಾನೆ, ಒಳಬದಿಯ ರಿಸೀವರ್ ಎದುರು’ ಎಂಬುದು ಪರೀಕ್ಷೆಗೆ ಒಡ್ಡುವ ವಾಕ್ಯ.

ನಿರೀಕ್ಷೆ ಸುತ್ತಿಗೆ ತಕ್ಕಂತಿರಲಿ. ಮೊದಲ ಸುತ್ತಿನವನು ಎರಡನೇ ಋತುವಿನೊಳಗೆ ಪೂರ್ಣಾವಧಿ ಆಡಬೇಕು. ಎರಡು, ಮೂರನೇ ಸುತ್ತಿನವನಿಗೆ ಮೂರನೇ ಋತುವಿನವರೆಗೆ ಅವಕಾಶ ಕೊಡಿ. ನಾಲ್ಕು, ಐದನೇ ಸುತ್ತಿನವನು ಬದಲಿಯಾಗಿ ನೆಲೆ ನಿಂತರೆ ಗೆದ್ದ. ಆರು, ಏಳನೇ ಸುತ್ತಿನವನು ಆಗಸ್ಟ್ ಕೊನೆಯಲ್ಲಿ 53 ಜನರ ಪಟ್ಟಿಯಲ್ಲಿ ಉಳಿದು ಕಿಕ್ ಆಟಗಳಲ್ಲಿ ಓಡಿದರೆ ಅದೇ ಲಾಭ. 2022ರ ಡ್ರಾಫ್ಟಿನ ಕಟ್ಟಕಡೆಯ, 262ನೇ ಪಿಕ್ ಆಗಿ ಬಂದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಸೂಪರ್ ಬೌಲ್‌ವರೆಗೆ ತಂಡವನ್ನು ಕೊಂಡೊಯ್ದದ್ದು ಅಪವಾದ, ಅದನ್ನು ಅಳತೆಗೋಲು ಮಾಡಬೇಡಿ.

ಆಮೇಲೆ ನೂರಕ್ಕೆ ನಿರ್ಧಾರದ ಅಂಕ. ಪಿಕ್‌ನ ಬೆಲೆಗೆ ತಕ್ಕ ಆಯ್ಕೆಯೇ ಎಂಬುದಕ್ಕೆ 35, ನೀವು ನೋಡಿದ ಆಟಕ್ಕೆ 30, ತಂಡದ ಹಾಳೆ ಮತ್ತು ಆಟದ ಶೈಲಿಗೆ ಹೊಂದಿಕೆಗೆ 20, ದೇಹ, ವಯಸ್ಸು, ಗಾಯಕ್ಕೆ 15. ದಿನಾಂಕ ಹಾಕಿ ಎತ್ತಿಡಿ.

ವಿನಯಕ್ಕೆ ಒಂದು ಕಾರಣ ಹೇಳಲೇಬೇಕು. ಸಂಶೋಧಕ ಕೇಡ್ ಮ್ಯಾಸಿ ಮತ್ತು 2017ರ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಡ್ರಾಫ್ಟನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ್ದಾರೆ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಬೆನ್ನಿಗೇ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಂಭವ, ನಾಣ್ಯ ಚಿಮ್ಮಿ ನೋಡುವುದಕ್ಕಿಂತ ತುಸು ಮಾತ್ರ ಮೇಲು ಎಂದು ಅವರು ಕಂಡರು. ಕೋಟಿಗಟ್ಟಲೆ ಖರ್ಚು ಮಾಡುವ ತಂಡಗಳ ಪಾಡೇ ಇಷ್ಟಾದರೆ, ‘ಇವನನ್ನು ಬಿಟ್ಟು ಅವನನ್ನು ಆರಿಸಬೇಕಿತ್ತು’ ಎಂಬ ನಮ್ಮ ಮಾತನ್ನು ಮೆಲುದನಿಯಲ್ಲೇ ಹೇಳಬೇಕು. ಇದೇ ಕಾರಣಕ್ಕೆ, ಕೆಳಗಿಳಿದು ಹೆಚ್ಚು ಪಿಕ್ ಪಡೆದ ತಂಡಕ್ಕೆ ನಾವು ಒಂದೆರಡು ಅಂಕ ಹೆಚ್ಚು ಕೊಡುತ್ತೇವೆ.

ಆರನೇ ಹೆಜ್ಜೆ: ಯಾವಾಗ ನೋಡಬೇಕು, ಯಾವಾಗ ಸುಮ್ಮನಿರಬೇಕು

ಮೇ ತಿಂಗಳ ಹೊಸಬರ ಶಿಬಿರದಲ್ಲಿ ಯಾರೂ ಪ್ಯಾಡ್ ಹಾಕಿ ಗುದ್ದಾಡುವುದಿಲ್ಲ. ಅಲ್ಲಿಂದ ಬರುವ ಹೊಗಳಿಕೆಯನ್ನು ಓದಿ ಬಿಡಿ. ಜುಲೈ ಕೊನೆಯ ತರಬೇತಿ ಶಿಬಿರದಲ್ಲಿ ಒಂದೇ ವಿಷಯ ಮುಖ್ಯ: ಆತ ಮೊದಲ ಬಳಗದ ಜೊತೆ ಆಡುತ್ತಿದ್ದಾನೋ, ಎರಡನೆಯದೋ, ಮೂರನೆಯದೋ. ಆಗಸ್ಟಿನ ಮೂರು ಅಭ್ಯಾಸ ಪಂದ್ಯಗಳಲ್ಲಿ ನಾಲ್ಕನೇ ಕ್ವಾರ್ಟರಿನಲ್ಲಿ ಮಿಂಚಿದವನ ಎದುರು ಇದ್ದವರಲ್ಲಿ ಹೆಚ್ಚಿನವರು ವಾರದೊಳಗೆ ಕೆಲಸ ಕಳೆದುಕೊಳ್ಳುವವರು. ಯಾರ ಎದುರು ಎಂಬುದನ್ನು ಪಕ್ಕದಲ್ಲಿ ಬರೆಯದೆ ಆ ಸ್ನ್ಯಾಪ್‌ಗಳಿಗೆ ಗುರುತು ಹಾಕಬೇಡಿ.

ಋತು ಶುರುವಾದ ಮೇಲೆ ಪ್ರತಿ ವಾರ ಸ್ನ್ಯಾಪ್ ಎಣಿಕೆ ಬರೆಯಿರಿ. ಅದು ಉಚಿತವಾಗಿ ಸಿಗುತ್ತದೆ, ತರಬೇತುದಾರನ ನಿಜವಾದ ಅಭಿಪ್ರಾಯ ಅದರಲ್ಲೇ ಇದೆ. ಪತ್ರಿಕಾಗೋಷ್ಠಿಯಲ್ಲಿ ಎಲ್ಲರನ್ನೂ ಹೊಗಳಬಹುದು, ಮೂರನೇ ಡೌನ್‌ನಲ್ಲಿ ಮೈದಾನಕ್ಕೆ ಕಳಿಸುವುದು ನಂಬಿದವರನ್ನು ಮಾತ್ರ. ಬೆಂಗಳೂರಿನಲ್ಲಿ ಕೂತು ನೋಡುವವರಿಗೆ ಭಾನುವಾರದ ಮೊದಲ ಪಂದ್ಯಗಳು ರಾತ್ರಿ 10.30ಕ್ಕೆ, ನವೆಂಬರ್ ಮೊದಲ ವಾರದಲ್ಲಿ ಅಮೆರಿಕ ಗಡಿಯಾರ ಹಿಂದಿಟ್ಟ ಮೇಲೆ 11.30ಕ್ಕೆ. ಇಡೀ ರಾತ್ರಿ ಎದ್ದಿರುವ ಬದಲು ಸೋಮವಾರ ಸಂಜೆ ನಿಮ್ಮ ಇಬ್ಬರು ಹೊಸಬರ ಸ್ನ್ಯಾಪ್‌ಗಳನ್ನಷ್ಟೇ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಹೆಚ್ಚು ತಿಳಿಯುತ್ತದೆ. ಡೆಟ್ರಾಯಿಟ್ ಸುತ್ತಮುತ್ತ ವಾಹನೋದ್ಯಮದಲ್ಲಿರುವ ಕನ್ನಡಿಗರಿಗೆ ಈ ನಿದ್ದೆಗೇಡಿಲ್ಲ. ಅವರು ಬೇಸಿಗೆಯ ಶಿಬಿರದಲ್ಲಿ ಅಭಿಮಾನಿಗಳಿಗೆ ತೆರೆದ ದಿನಗಳನ್ನು ಬಿಡಬಾರದು.

ಎಚ್ಚರಿಕೆಗೆ 2023ರ ಮೊದಲ ರಾತ್ರಿಯೇ ಸಾಕು. ಸೆಪ್ಟೆಂಬರ್ 7, ಕ್ಯಾನ್ಸಸ್ ಸಿಟಿಯಲ್ಲಿ ಮೂರನೇ ಕ್ವಾರ್ಟರ್. ಎದುರಾಳಿ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಎಸೆದ ಚೆಂಡು ರಿಸೀವರ್ ಕಡೇರಿಯಸ್ ಟೋನಿ ಅವರ ಕೈಯಿಂದ ಚಿಮ್ಮಿ ಬ್ರಾಂಚ್ ಕೈ ಸೇರಿತು. ಅವರು 50 ಗಜ ಓಡಿ ಟಚ್‌ಡೌನ್ ಮಾಡಿದರು, ಲಯನ್ಸ್ 21-20ರಿಂದ ಗೆದ್ದಿತು. ಪುಸ್ತಕದಲ್ಲಿ ಇದನ್ನು ಹೇಗೆ ಬರೆಯಬೇಕು? ಚೆಂಡು ಚಿಮ್ಮಿದ್ದು ಅದೃಷ್ಟ, ಅದಕ್ಕೆ ಸೊನ್ನೆ. ರಿಸೀವರ್‌ನ ಹತ್ತಿರವೇ ಇದ್ದದ್ದು, ಚಿಮ್ಮಿದ್ದನ್ನು ಎಡವದೆ ಹಿಡಿದದ್ದು, ತಡವರಿಸದೆ ಓಡಿದ್ದು ಕೂಡು. ಒಂದೇ ಆಟವನ್ನು ಹೀಗೆ ಬಿಡಿಸಿ ಬರೆಯಲು ಬಂದರೆ ಮುಕ್ಕಾಲು ವಿದ್ಯೆ ಕಲಿತಂತೆ.

ಅದೇ ಪಂದ್ಯದಲ್ಲಿ ಗಿಬ್ಸ್ ಓಡಿದ್ದು ಏಳೇ ಸಲ, 42 ಗಜ. ‘12ನೇ ಪಿಕ್‌ನ್ನು ಬೆಂಚಿಗೆ ಕೊಂಡರು’ ಎಂಬ ಮಾತು ಹಬ್ಬಿತು. ಅಕ್ಟೋಬರಿನಲ್ಲಿ ಮಾಂಟ್‌ಗೊಮರಿ ಗಾಯಗೊಂಡರು, 30ರ ರಾತ್ರಿ ಗಿಬ್ಸ್ ರೇಡರ್ಸ್ ಮೇಲೆ 152 ಗಜ ಓಡಿದರು. ಋತು ಮುಗಿದಾಗ 945 ಗಜ, 10 ಟಚ್‌ಡೌನ್. ನಾಲ್ಕನೇ ವಾರಕ್ಕೆ ತೀರ್ಪು ಬರೆದವರು ಹಾಳೆ ಹರಿಯಬೇಕಾಯಿತು. ಕ್ಯಾಂಬೆಲ್ ಮೊದಲ ವರ್ಷ ಪೂರ್ಣಾವಧಿ ಆಡಲಿಲ್ಲ, ಎರಡನೇ ವರ್ಷ ರಕ್ಷಣೆಯ ನಡುವಿನ ಕಂಬವಾದರು. ಟೈಟ್ ಎಂಡ್‌ಗಳು ಸಾಮಾನ್ಯವಾಗಿ ನಿಧಾನ ಬೆಳೆ, ಆದರೆ ಲಪೋರ್ಟಾ ಮೊದಲ ಋತುವಿನಲ್ಲೇ 86 ಕ್ಯಾಚ್ ಹಿಡಿದು ಹೊಸ ಟೈಟ್ ಎಂಡ್‌ಗಳ ಅಂದಿನ ದಾಖಲೆ ಮುರಿದರು, 889 ಗಜ, 10 ಟಚ್‌ಡೌನ್. ಸ್ಥಾನದ ವಾಡಿಕೆ ಗೊತ್ತಿರಲಿ, ಆದರೆ ಅದನ್ನೇ ನಿಯಮ ಎನ್ನಬೇಡಿ.

ಏಳನೇ ಹೆಜ್ಜೆ: ಮೂರು ಋತುವಿನ ಲೆಕ್ಕ

ಫಲದ ಅಂಕ ಕೊಡುವಾಗ ತಲೆ ಎಣಿಸಬೇಡಿ, ತೂಕ ಹಾಕಿ. ಲಯನ್ಸ್ 2023ರಲ್ಲಿ ಎಂಟು ಜನರನ್ನು ಆರಿಸಿತು: ಗಿಬ್ಸ್ (12ನೇ ಪಿಕ್, 1200 ಅಂಶ), ಕ್ಯಾಂಬೆಲ್ (18, 900), ಲಪೋರ್ಟಾ (34, 560), ಬ್ರಾಂಚ್ (45, 450), ಹೂಕರ್ (68, 250), ಡಿಫೆನ್ಸಿವ್ ಟ್ಯಾಕಲ್ ಬ್ರಾಡ್ರಿಕ್ ಮಾರ್ಟಿನ್ (96, 116), ಕೋಲ್ಬಿ ಸಾರ್ಸ್‌ಡಾಲ್ (152, ಸುಮಾರು 31) ಮತ್ತು ಆ್ಯಂಟ್ವಾನ್ ಗ್ರೀನ್ (219, ನಾಲ್ಕರ ಆಸುಪಾಸು). ಒಟ್ಟು 3,511ರ ಹತ್ತಿರ. ಮೊದಲ ನಾಲ್ವರೇ 3,110, ಅಂದರೆ ನೂರಕ್ಕೆ ಸುಮಾರು 89.

ಹೂಕರ್ ಲಯನ್ಸ್ ಪರ ಒಂದು ಪಂದ್ಯವನ್ನೂ ಆರಂಭಿಸದೆ 2025ರ ಆಗಸ್ಟಿನಲ್ಲಿ ಹೊರಬಿದ್ದರು. ಮಾರ್ಟಿನ್ ಮೊದಲೆರಡು ಋತುಗಳಲ್ಲಿ ಆಡಿದ್ದು ಕೆಲವೇ ಪಂದ್ಯ. ತಲೆ ಎಣಿಸಿದರೆ ಎಂಟರಲ್ಲಿ ನೆಲೆ ನಿಂತದ್ದು ಮೊದಲ ನಾಲ್ವರೇ, ‘ಅರ್ಧ ದಂಡ’. ತೂಕ ಹಾಕಿದರೆ ಉಳಿದ ನಾಲ್ವರೂ ಸೇರಿ ನೂರಕ್ಕೆ ಸುಮಾರು ಹನ್ನೊಂದು ಪಾಲು ಮಾತ್ರ. ಪ್ರತಿಯೊಬ್ಬರ ಫಲವನ್ನು ಹತ್ತಕ್ಕೆ ಅಂದಾಜಿಸಿ, ಅವರವರ ಅಂಶದಿಂದ ಗುಣಿಸಿ, ಕೂಡಿ, ಒಟ್ಟು ಅಂಶದಿಂದ ಭಾಗಿಸಿ. ಬಂದದ್ದು ಪಟ್ಟಿಯ ಅಂಕ. 2024ರಲ್ಲಿ 1,412 ಗಜ ಓಡಿ ಒಟ್ಟು 20 ಟಚ್‌ಡೌನ್ ಮಾಡಿದ ಗಿಬ್ಸ್‌ಗೆ ಎಂಟು ಕೊಡುತ್ತೀರೋ ಒಂಬತ್ತೋ ಎಂಬುದು, ಹೂಕರ್‌ಗೆ ಸೊನ್ನೆಯೋ ಎರಡೋ ಎಂಬುದಕ್ಕಿಂತ ಫಲಿತಾಂಶವನ್ನು ಎರಡು ಪಟ್ಟಿಗಿಂತ ಹೆಚ್ಚು ಅಲುಗಿಸುತ್ತದೆ.

ಇದರ ಪಕ್ಕದಲ್ಲಿ ಎತ್ತಿಟ್ಟ ನಿರ್ಧಾರದ ಅಂಕ ಇಡಿ, ಅದನ್ನು ತಿದ್ದಬೇಡಿ. ಮೊದಲ ಸುತ್ತಿನವರ ಒಪ್ಪಂದಕ್ಕೆ ಐದನೇ ವರ್ಷ ಸೇರಿಸುವುದೋ ಬೇಡವೋ ಎಂದು ತಂಡ ತಿಳಿಸಬೇಕಾದದ್ದು ಮೂರನೇ ಋತುವಿನ ನಂತರದ ಮೇ ಮೊದಲ ದಿನಗಳಲ್ಲಿ. ತಂಡವೇ ತನ್ನ ಆಯ್ಕೆಗೆ ಅಂಕ ಕೊಡುವ ದಿನ ಅದು, ನಿಮ್ಮ ಲೆಕ್ಕವನ್ನೂ ಅಂದೇ ಮುಗಿಸಿ. ಐದನೇ ಹೆಜ್ಜೆಯಲ್ಲಿ ಬರೆದ ವಾಕ್ಯಗಳಲ್ಲಿ ಸುಳ್ಳಾದವನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆಯಿರಿ: ಕಣ್ಣು ತಪ್ಪಿತೋ, ಗಾಯವೋ, ತರಬೇತುದಾರ ಬೇರೆ ಜಾಗದಲ್ಲಿ ಆಡಿಸಿದರೋ. ಎರಡು ಮೂರು ವರ್ಷದ ಹಾಳೆಗಳು ಸೇರಿದಾಗ ಒಂದೇ ಬಗೆಯ ಕೆಂಪು ಗೆರೆ ಒಂದೇ ಸ್ಥಾನದ ಆಟಗಾರರ ಮೇಲೆ ಮತ್ತೆ ಮತ್ತೆ ಕಾಣುತ್ತದೆ. ಬರುವ ಏಪ್ರಿಲಿನಲ್ಲಿ ಆ ಸ್ಥಾನದವರಿಗೆ ಮೂರರ ಬದಲು ಐದು ಪಂದ್ಯ ನೋಡಿ.